ಅಪ್ಪಟ ಹಾಗ್ ಐಲ್ಯಾಂಡ್ ಬೋವಾ ಅಂತ ಜೋಡಿ ತಂದು ನಾನು ಕಳೆದುಕೊಂಡದ್ದು

ಮೈಸೂರು, ಮಂಡ್ಯ ಕಡೆ ಬೋವಾ ಹಾವು ಸಾಕುವವರು ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಒಬ್ಬ ಮಾರಾಟಗಾರನಿಂದ ಒಂದು ಜೋಡಿ ತಂದೆ. ಅಪ್ಪಟ ಹಾಗ್ ಐಲ್ಯಾಂಡ್ ಲೈನ್, ಅಂದರೆ ಬೆರಕೆಯಿಲ್ಲದ ವಂಶ ಅಂದಿದ್ದ. ಹೊಂಡುರಾಸ್‌ನ ಕಾಯೋಸ್ ಕೊಚಿನೋಸ್ ಅನ್ನೋ ಪುಟ್ಟ ದ್ವೀಪಗಳ ಹಾವು ಅದು. ತಿಳಿ ಬಣ್ಣ, ಸಣ್ಣ ಮೈ. ಸಾಕುವವರಿಗೆ ಮಾರಲೆಂದೇ ಅಲ್ಲಿಂದ ವಿಪರೀತ ಹಿಡಿದು ಸಾಗಿಸಿಬಿಟ್ಟಿದ್ದರು, ಹಾಗಾಗಿ ಆ ಲೈನ್ ಬೆರಕೆಯಾಗದೆ ಉಳಿಯಲಿ ಅನ್ನೋ ಆಸೆ ನನಗೆ ಮೊದಲಿಂದಲೂ ಇತ್ತು.

ಇದರ ತಂದೆ ತಾಯಿ ಯಾವುದು, ಯಾರ ಹತ್ತಿರ ಹುಟ್ಟಿದ್ದು ಅಂತ ಕೇಳಿದೆ. ಎರಡು ಫೋಟೋ ಕಳಿಸಿದ, ಅಷ್ಟೇ. ಅಲ್ಲೇ ಬಿಟ್ಟು ಬರಬೇಕಿತ್ತು. ಕೊಲಂಬಿಯಾ ಬೋವಾ ಜೊತೆ ಎಲ್ಲೋ ಒಂದು ಸಲ ಬೆರೆತಿದ್ದರೂ ಮುಂದಿನ ಮರಿಗಳಲ್ಲಿ ಕೆಲವು ಅಪ್ಪಟದ ಹಾಗೇ ಕಾಣುತ್ತವೆ. ಬಣ್ಣ ನೋಡಿ ಹೇಳೋಣ ಅಂದರೆ ಇವು ಹಗಲಿಗೊಂದು ಬಣ್ಣ, ರಾತ್ರಿಗೊಂದು ಬಣ್ಣ. ಇಂಥ ಹಾವುಗಳಿಗೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಹೇಗೂ ಕಡ್ಡಾಯ, 2024ರ ನಿಯಮದ ಪ್ರಕಾರ ಮರಿ ಹಾಕಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ಆ ಕಾಗದ ಕೊಟ್ಟ. ಅದರಲ್ಲಿ ಬರೀ ಬೋವಾ ಕನ್‌ಸ್ಟ್ರಿಕ್ಟರ್ ಅಂತಿತ್ತು. ದ್ವೀಪದ ಹೆಸರು ಎಲ್ಲೂ ಇಲ್ಲ. ಆದರೂ ನಂಬಿದೆ.

ಇದಕ್ಕಿಂತ ದೊಡ್ಡ ತಪ್ಪು ಮನೆಯಲ್ಲಿ ಆಯಿತು. ಕುವೆಂಪುನಗರದ ಮನೆಯ ಒಂದೇ ರೂಮಲ್ಲಿ, ನನ್ನ ಹಳೆಯ ಹೆಣ್ಣು ಬೋವಾದ ಪಕ್ಕಕ್ಕೇ ಇವನ್ನೂ ಇಟ್ಟೆ. ಮೂರು ವಾರಕ್ಕೆ ನೀರಿನ ಬಟ್ಟಲಲ್ಲಿ ಸಾಸಿವೆಗಿಂತ ಚಿಕ್ಕ ಕರಿ ಚುಕ್ಕಿಗಳು ತೇಲುತ್ತಿದ್ದವು. ಹಾವಿನ ರಕ್ತ ಹೀರುವ ಮೈಟ್ ಹುಳ. ಆಮೇಲೆ ಹೊಸ ಹೆಣ್ಣು ನುಂಗಿದ ಇಲಿಯನ್ನು ನಾಲ್ಕು ದಿನಕ್ಕೆ ಕಕ್ಕಿತು. ಡಿಸೆಂಬರ್ ಚಳಿ ಅಲ್ವಾ ಅಂತ ಬಿಸಿ ಸ್ವಲ್ಪ ಜಾಸ್ತಿ ಮಾಡಿದೆ. ಮತ್ತೆ ಕಕ್ಕಿತು. ಒಂದು ರಾತ್ರಿ ನೋಡಿದರೆ ತಲೆಯನ್ನು ಬೆನ್ನ ಕಡೆಗೆ ಬಾಗಿಸಿಕೊಂಡು ಸುಮ್ನೆ ಮೇಲಕ್ಕೆ ನೋಡುತ್ತಿತ್ತು. ಮೆಲ್ಲಗೆ ಮಗುಚಿದೆ, ತಿರುಗಿಕೊಳ್ಳಲು ಅದಕ್ಕೆ ಆಗಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಐಬಿಡಿ (ಇನ್ಕ್ಲೂಷನ್ ಬಾಡಿ ಡಿಸೀಸ್) ಅಂತ ಬಂತು. ವೈರಸ್ ಕಾಯಿಲೆ, ಔಷಧ ಇಲ್ಲ. ಬೋವಾಗಳು ವರ್ಷಗಟ್ಟಲೆ ಏನೂ ತೋರಿಸದೆ ಇದನ್ನು ಹೊತ್ತುಕೊಂಡಿರುತ್ತವೆ, ತಾಯಿಯಿಂದ ಮರಿಗೂ ಬರುತ್ತೆ. ಅದಕ್ಕೇ ಹೇಳುತ್ತಿದ್ದೇನೆ, ದುಡ್ಡು ಕೊಡುವ ಮೊದಲೇ ಪರೀಕ್ಷೆ ಮಾಡಿಸಿ. ತಂದ ಮೇಲೆ ಆರು ತಿಂಗಳಾದರೂ ಬೇರೆ ರೂಮಲ್ಲಿ ಇಡಿ, ಚಿಮಟ, ಬಟ್ಟಲು ಎಲ್ಲ ಬೇರೆ ಇರಲಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಜೋಡಿ ಎರಡೂ ಹೋದವು. ಒಂಬತ್ತು ವರ್ಷದಿಂದ ಜೊತೆಗಿರುವ ಹಳೆಯ ಹೆಣ್ಣಿಗೂ ಪಾಸಿಟಿವ್. ಅವಳು ಈಗಲೂ ಚೆನ್ನಾಗಿ ತಿನ್ನುತ್ತಾಳೆ. ಇನ್ನು ಅವಳಿಂದ ಮರಿ ಮಾಡಿಸಲ್ಲ, ಅವಳಿರುವ ತನಕ ಈ ಮನೆಗೆ ಬೇರೆ ಹಾವು ತರಲ್ಲ.