ಧಾರವಾಡದ ಮಕ್ಕಳ ಫುಟ್‌ಬಾಲ್ ತರಬೇತಿ: ನಾಲ್ಕು ತಿಂಗಳ ಅನುಭವ

ಒಂಬತ್ತು ವರ್ಷದ ಮಗಳನ್ನು ಏಪ್ರಿಲ್‌ನಲ್ಲಿ ಧಾರವಾಡದ ಒಂದು ಫುಟ್‌ಬಾಲ್ ತರಬೇತಿ ಕೇಂದ್ರಕ್ಕೆ ಸೇರಿಸಿದೆವು. ರಜೆ ಮುಗಿದ ಮೇಲೂ ವಾರಕ್ಕೆ ಮೂರು ದಿನದ ಬೆಳಗಿನ ಬ್ಯಾಚಿನಲ್ಲಿ ಮುಂದುವರಿಸಿದ್ದರಿಂದ ಒಳ್ಳೆಯದನ್ನೂ ಕೊರತೆಯನ್ನೂ ಹೇಳುವಷ್ಟು ಅನುಭವವಾಗಿದೆ. ದೂರುಗಳೂ ಇರುವುದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ.

‘ಮಾಜಿ ರಾಜ್ಯಮಟ್ಟದ ಆಟಗಾರರಿಂದ ತರಬೇತಿ’ ಎಂದು ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಅದನ್ನು ಓದಿದಾಗ ನನಗೆ ನೆನಪಾದವರು ಐಸ್‌ಲ್ಯಾಂಡಿನ ಐದುರ್ ಗುಡ್‌ಯಾನ್ಸನ್. 1996ರಲ್ಲಿ ಎಸ್ಟೋನಿಯ ವಿರುದ್ಧದ ಪಂದ್ಯದಲ್ಲಿ ತಂದೆ ಆರ್ನೋರ್ ಹೊರಬಂದಾಗ ಅವರ ಜಾಗಕ್ಕೇ ಹದಿನೇಳರ ಹುಡುಗನಾಗಿ ಮೈದಾನಕ್ಕಿಳಿದು, ಮುಂದೆ ಚೆಲ್ಸಿ ಮತ್ತು ಬಾರ್ಸಿಲೋನಾ ತಂಡಗಳಿಗೆ ಆಡಿ, ದೇಶಕ್ಕಾಗಿ 26 ಗೋಲು ಹೊಡೆದವರು ಅವರು. (2016ರಲ್ಲಿ ಪಕ್ಕದ ಪುಣೆಯ ಇಂಡಿಯನ್ ಸೂಪರ್ ಲೀಗ್ ತಂಡಕ್ಕೂ ಸಹಿ ಹಾಕಿದ್ದರು, ಗಾಯದಿಂದಾಗಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ.) ಇಷ್ಟು ಆಡಿದವರು 2019ರಲ್ಲಿ ಒಪ್ಪಿಕೊಂಡದ್ದು 21 ವರ್ಷದೊಳಗಿನವರ ರಾಷ್ಟ್ರೀಯ ತಂಡದ ಸಹಾಯಕ ಕೋಚ್ ಹುದ್ದೆಯನ್ನು. ಆರ್ನಾರ್ ವಿದಾರ್ಸನ್ ಮುಖ್ಯ ಕೋಚ್ ಆಗಿದ್ದ ಆ ತಂಡ 2021ರ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಅರ್ಹತೆ ಪಡೆಯಿತು. ಆ ದೇಶದಲ್ಲಿ ಆರೇಳು ವರ್ಷದ ಮಕ್ಕಳಿಗೂ ಕಲಿಸುವವರು ಹೆಚ್ಚಾಗಿ ಲೈಸೆನ್ಸ್ ಪಡೆದು, ಸಂಬಳ ತೆಗೆದುಕೊಳ್ಳುವ ಕೋಚ್‌ಗಳು. ನಮ್ಮ ಅವಳಿ ನಗರದಲ್ಲಿ 2011ರ ಗಣತಿಯ ವೇಳೆಗೇ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು. ಸುಮಾರು ಮೂರೂಕಾಲು ಲಕ್ಷ ಜನರ ಐಸ್‌ಲ್ಯಾಂಡ್ 2016ರ ಯುರೋ ಕೂಟದಲ್ಲಿ ಇಂಗ್ಲೆಂಡನ್ನು 2-1ರಿಂದ ಮನೆಗೆ ಕಳುಹಿಸಿತು.

ಆದ್ದರಿಂದ ನಾನು ಮೊದಲು ಕೇಳಿದ್ದು ಲೈಸೆನ್ಸ್. ಮುಖ್ಯ ಕೋಚ್ ಬೇಸರಿಸದೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಡಿ ದರ್ಜೆಯ ಕೋಚಿಂಗ್ ಲೈಸೆನ್ಸ್ ತೋರಿಸಿದರು, ಮತ್ತು ಚಿಕ್ಕ ಮಕ್ಕಳ ಬ್ಯಾಚನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ನಾನು ಶುಲ್ಕ ಕಟ್ಟಿದ್ದು ಆ ಮಾತಿಗೆ. ಅವರು ಅದನ್ನು ಉಳಿಸಿಕೊಂಡಿದ್ದಾರೆ.

ಮೇ ತಿಂಗಳ ಒಂದು ಬೆಳಗಿನ ಪಾಠವನ್ನು ಕಟ್ಟೆಯ ಮೇಲೆ ಕುಳಿತು ನೋಡಿದೆ. ಮಗಳು ಚೆಂಡು ಬಂದಾಗಲೆಲ್ಲ ತಲೆ ತಗ್ಗಿಸಿ ಅದನ್ನೇ ದಿಟ್ಟಿಸುತ್ತಿದ್ದಳು. ಕೋಚ್ ಅವಳ ಬೆನ್ನ ಹಿಂದೆ ಹೋಗಿ ನಿಂತು, ಎದುರಿನ ಹುಡುಗನಿಗೆ ಪಾಸ್ ಕೊಡಲು ಹೇಳಿ, ಚೆಂಡು ಉರುಳಿ ಬರುತ್ತಿರುವಾಗ ಕೈಬೆರಳುಗಳನ್ನು ಎತ್ತಿ ಹಿಡಿದರು. “ಚೆಂಡ ಬರೂದ್ರಾಗ ಹೊಳ್ಳಿ ನೋಡಿ ಎಷ್ಟ ಬೆರಳ ಅದಾವ ಹೇಳವಾ, ಆಮ್ಯಾಲೆ ಕಾಲ ಹಚ್ಚು” ಎಂದರು. ಮೊದಲ ನಾಲ್ಕೈದು ಸಲ ಚೆಂಡು ಕಾಲ ಸಂದಿಯಿಂದ ಪಾರಾಗಿ ಹೋಯಿತು, ಉಳಿದ ಮಕ್ಕಳು ನಕ್ಕರು, ಆಕೆಯೂ ನಕ್ಕಳು. ಹತ್ತನೆಯ ಸಲ ‘ಮೂರು’ ಎಂದು ಕೂಗಿ, ಪಾದದ ಒಳಬದಿಯಿಂದ ಚೆಂಡನ್ನು ತಡೆದು, ಹಿಂದಿದ್ದ ಗೆಳತಿಗೆ ದಾಟಿಸಿದಳು. ಈಗ ಮನೆಯ ಪಡಸಾಲೆಯಲ್ಲಿ ನನ್ನನ್ನೂ ಬೆರಳೆತ್ತಿಸಿ ನಿಲ್ಲಿಸುತ್ತಾಳೆ.

ದೊಡ್ಡವರ ಬ್ಯಾಚಿನ ಬಗ್ಗೆ ಇದೇ ಮಾತನ್ನು ಹೇಳಲಾರೆ. ಅದು ಸಹಾಯಕರ ಕೈಯಲ್ಲಿದ್ದು, ನಾನು ಕಂಡ ದಿನಗಳಲ್ಲೆಲ್ಲ ಮೈದಾನ ಸುತ್ತಿ ಓಡುವುದರಲ್ಲೇ ಅರ್ಧ ಗಂಟೆ ಕಳೆಯುತ್ತಿತ್ತು. ಬೇಸಿಗೆಯಲ್ಲಿ ಚಿಕ್ಕವರಿಗೂ ದೊಡ್ಡವರು ಆಡುವ ಐದನೇ ನಂಬರಿನ ಚೆಂಡನ್ನೇ ಕೊಟ್ಟಿದ್ದರು. ಪಾಲಕರು ಹೇಳಿದ ಮೇಲೆ ನಾಲ್ಕನೇ ನಂಬರಿನವು ಬಂದವು. ಬ್ಯಾಚಿನ ಇಪ್ಪತ್ತಾರು ಮಕ್ಕಳಲ್ಲಿ ಮೂವರೇ ಹುಡುಗಿಯರು, ಅವರಿಗೆ ಬಟ್ಟೆ ಬದಲಿಸಲು ಇನ್ನೂ ಜಾಗವಿಲ್ಲ.

ನನ್ನ ದೊಡ್ಡ ದೂರು ಮಳೆಗಾಲದ್ದು. ಐಸ್‌ಲ್ಯಾಂಡಿನವರು ಚಳಿಗಾಲದಲ್ಲಿ ಆಟ ನಿಲ್ಲಬಾರದೆಂದು 2000ದಿಂದೀಚೆಗೆ ಇಡೀ ಮೈದಾನವೇ ಹಿಡಿಸುವ ಒಳಾಂಗಣಗಳನ್ನು ಕಟ್ಟಿಕೊಂಡರು. ಅದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಗೆ ಕೆಂಪು ಮಣ್ಣು ರಾಡಿಯಾದ ಮೇಲೆ ಆಡಿಸದಿರುವುದೇ ಸರಿ. ಆದರೆ ತರಗತಿ ಇಲ್ಲವೆಂಬ ಸಂದೇಶವನ್ನು ಹಿಂದಿನ ರಾತ್ರಿಯಾದರೂ ಕಳುಹಿಸಬಹುದಿತ್ತು. ಜುಲೈನಲ್ಲಿ ನಾಲ್ಕು ಸಲ ಬೆಳಿಗ್ಗೆ ಐದೂವರೆಗೆ ಮಗಳನ್ನು ಎಬ್ಬಿಸಿ, ರೇನ್‌ಕೋಟ್ ಹಾಕಿಸಿ ಸ್ಕೂಟರ್ ಮೇಲೆ ಕರೆದೊಯ್ದು, ಗೇಟಿನ ಬೀಗ ನೋಡಿ ಮರಳಿದ್ದೇವೆ. ತಿಂಗಳಿಗೆ 1,500 ರೂಪಾಯಿಯ ಶುಲ್ಕವನ್ನು ಮಾತ್ರ ಪೂರ್ತಿ ಪಡೆದರು. ತಪ್ಪಿದ ದಿನಗಳನ್ನು ಸೆಪ್ಟೆಂಬರ್‌ನಲ್ಲಿ ಹೊಂದಿಸಿಕೊಡಿರೆಂದು ಕೇಳಿದ್ದಕ್ಕೆ ಕಚೇರಿಯವರು “ನೋಡೂಣ್ರೀ” ಎಂದಿದ್ದಾರೆ.

ಹತ್ತು ವರ್ಷದೊಳಗಿನ ಮಕ್ಕಳಿದ್ದು, ಮುಖ್ಯ ಕೋಚ್ ಇರುವ ಬೆಳಗಿನ ಬ್ಯಾಚಿನಲ್ಲೇ ಜಾಗ ಸಿಗುವುದಾದರೆ ಸೇರಿಸಬಹುದು. ಶುಲ್ಕವನ್ನು ಮೂರು ತಿಂಗಳಿಗೆ ಒಟ್ಟಿಗೆ ಕಟ್ಟದೆ ತಿಂಗಳು ತಿಂಗಳು ಕಟ್ಟಿ, ಜೂನ್ ಮತ್ತು ಜುಲೈಗೆ ಮುಂಗಡ ಕೊಡಬೇಡಿ.