1,800 ರೂಪಾಯಿಯ ವಿಡಿಯೋ ಕೋರ್ಸೋ, 300 ರೂಪಾಯಿಯ ಹಳೇ ಪುಸ್ತಕವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಪುಸ್ತಕಕ್ಕೆ. ಬಯೋಕೆಮಿಸ್ಟ್ರಿ ವೈವಾಗೆ ಎರಡು ವಾರ ಇದ್ದಾಗ ಗಾಬರಿಯಲ್ಲಿ ವಿಡಿಯೋ ಕೋರ್ಸ್ ಕೊಂಡೆ. ಪುಸ್ತಕ ಹಾಸ್ಟೆಲ್‌ನ ಸೀನಿಯರ್ ಅಕ್ಕ ಕೊಟ್ಟು ಹೋಗಿದ್ದು. ರಟ್ಟು ಕಿತ್ತಿದೆ, ಪುಟದ ತುಂಬ ಪೆನ್ಸಿಲ್ ಗೀಟು.

ಶ್ವಾಸಕೋಶದ ಸರ್ಫ್ಯಾಕ್ಟಂಟ್ (ಗಾಳಿಗೂಡಿನ ಒಳಗಿರೋ ಜಿಡ್ಡಿನ ಲೇಪ) ಪಾಠ ವಿಡಿಯೋದಲ್ಲಿ ಹನ್ನೊಂದೇ ನಿಮಿಷ. ನೋಡೋಕೆ ಚೆಂದ. ಕೋಲೀನ್ ಕೈನೇಸ್ ಅನ್ನೋ ಕಿಣ್ವ ಬಂದು ಕೋಲೀನ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಸೈಟಿಡಿಲಿಲ್‌ಟ್ರಾನ್ಸ್‌ಫರೇಸ್ ಅದಕ್ಕೆ ಸಿಟಿಪಿ ಕೂಡಿಸಿ ಸಿಡಿಪಿ-ಕೋಲೀನ್ ಮಾಡುತ್ತದೆ. ಮೂರನೇ ಕಿಣ್ವ ಆ ಫಾಸ್ಫೋಕೋಲೀನನ್ನು ಎರಡು ಕೊಬ್ಬಿನಾಮ್ಲದ ಬಾಲ ಇರೋ ಡೈಅಸೈಲ್‌ಗ್ಲಿಸರಾಲ್‌ಗೆ ದಾಟಿಸಿದರೆ ಲೆಸಿಥಿನ್ ರೆಡಿ. ಮ್ಯೂಸಿಕ್, ಮುಗೀತು.

ವೈವಾದಲ್ಲಿ ಸರ್ ಶುರು ಮಾಡಿದ್ದೇ ಅಲ್ಲಿಂದ, ಸರ್ಫ್ಯಾಕ್ಟಂಟ್‌ನ ಮುಖ್ಯ ಲೆಸಿಥಿನ್ ಆದ ಡಿಪಿಪಿಸಿಯಿಂದ. "ಡಿಪಿಪಿಸಿ ಅಂದ್ರೆ ಎರಡು ಪಾಲ್ಮಿಟೇಟ್ ಅಲ್ಲೇನಮ್ಮ? ಎರಡನೇದು ಎಲ್ಲಿಂದ ಬಂತು?"

ನಾನು ಫ್ಯಾನ್ ನೋಡಿದೆ.

ರಾತ್ರಿ ರೂಮಿಗೆ ಬಂದು ಪುಸ್ತಕ ತೆಗೆದರೆ, ಆ ಪುಟದ ಅಂಚಿನಲ್ಲಿ ಅಕ್ಕ ಬರೆದಿದ್ದಳು: "ಸೊಟ್ಟ ಬಾಲ ತೆಗಿ, ನೆಟ್ಟನೆ ಬಾಲ ಹಾಕು." ಇಷ್ಟೇ ವಿಷಯ! ಆ ಮೂರು ಹೆಜ್ಜೆಯಲ್ಲಿ ಬರುವ ಲೆಸಿಥಿನ್‌ನ ಎರಡನೇ ಜಾಗದಲ್ಲಿ ಸಾಮಾನ್ಯವಾಗಿ ಅನ್‌ಸ್ಯಾಚುರೇಟೆಡ್ ಕೊಬ್ಬಿನಾಮ್ಲ ಇರುತ್ತದೆ, ಬಾಲ ಸೊಟ್ಟ. ಫಾಸ್ಫೋಲೈಪೇಸ್ ಎ2 ಅನ್ನೋ ಕಿಣ್ವ ಅದನ್ನು ಕತ್ತರಿಸುತ್ತದೆ. ಖಾಲಿ ಜಾಗಕ್ಕೆ ಎಲ್‌ಪಿಕ್ಯಾಟ್1 ಅನ್ನೋ ಕಿಣ್ವ ನೆಟ್ಟನೆ ಬಾಲದ ಕೊಬ್ಬಿನಾಮ್ಲವಾದ ಪಾಲ್ಮಿಟೇಟ್ ಕೂರಿಸುತ್ತದೆ. ಒಂದಷ್ಟು ಡಿಪಿಪಿಸಿ ನೇರವಾಗಿಯೂ ಆಗುತ್ತದೆ, ಆದರೆ ದೊಡ್ಡ ಪಾಲು ಈ ರಿಪೇರಿಯದೇ. ಎರಡೂ ಬಾಲ ನೆಟ್ಟಗಿದ್ದರೆ ತಾನೆ ಉಸಿರು ಬಿಟ್ಟಾಗ ಅಣುಗಳು ಒತ್ತೊತ್ತಾಗಿ ನಿಂತು ಗಾಳಿಗೂಡು ಮುದುಡದಂತೆ ತಡೆಯೋದು? 1,800 ರೂಪಾಯಿ ಇಸಕೊಂಡು ಇದನ್ನೇ ಬಿಟ್ಟಿದ್ದಾರೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ವಿಡಿಯೋ ಗೆಲ್ಲೋದು ಒಂದೇ ಕಡೆ. ಆ ಮೂರು ಹೆಜ್ಜೆಯ ಎರಡನೇ ಕಿಣ್ವ ಸುಮ್ನೆ ತೇಲುತ್ತಿದ್ದು, ಪೊರೆಗೆ ಅಂಟಿಕೊಂಡ ಮೇಲೆ ಚುರುಕಾಗುವುದನ್ನು ಅನಿಮೇಷನ್‌ನಲ್ಲಿ ತೋರಿಸಿದ್ದು ಸೂಪರ್. ಇಡೀ ದಾರಿಯ ವೇಗ ಅದರ ಕೈಯಲ್ಲೇ ಇದೆ.

ಪುಸ್ತಕದ ತೊಂದರೆ: ಲಿವರ್‌ನಲ್ಲಿ ಲೆಸಿಥಿನ್ ಮಾಡೋ ಇನ್ನೊಂದು ದಾರಿ, ಅಂದರೆ ಮೀಥೈಲ್ ದಾರಿ, ಪಕ್ಕದ ಪುಟದಲ್ಲೇ ಇದೆ, ನಿದ್ದೆಗಣ್ಣಲ್ಲಿ ಕಲಸಿಹೋಗುತ್ತದೆ. ಆ ಮೂರು ಹೆಜ್ಜೆಗೆ ಕೆನಡಿ ದಾರಿ ಅಂತ ಹೆಸರು ಬಂದದ್ದು ಯೂಜೀನ್ ಕೆನಡಿಯಿಂದ ಅಂತ ಎರಡೂ ಹೇಳುತ್ತವೆ. ನಾನು ಮಾತ್ರ ಅಮೆರಿಕದ ಅಧ್ಯಕ್ಷರು ಅಂದುಕೊಂಡಿದ್ದೆ!

ಕಲಬುರಗಿಯ ಮೇ ತಿಂಗಳಲ್ಲಿ ಬೆಳಗ್ಗೆ ಐದಕ್ಕೇ ಮಾಳಿಗೆ ಹತ್ತಿ ಓದುವವಳು ನಾನು. ಎಂಟರ ಮೇಲೆ ಅಲ್ಲಿ ಕೂರೋಕಾಗಲ್ಲ. ಕೈಯಲ್ಲಿ ಪೆನ್ಸಿಲ್ ಇಲ್ಲದಿದ್ದರೆ ನನ್ನ ತಲೆಗೆ ಏನೂ ಹತ್ತುವುದಿಲ್ಲ. ಮೆಸ್ ಬಿಲ್ ಕಟ್ಟಿದ ಮೇಲೆ ಉಳಿಯೋದೂ ಅಷ್ಟಕ್ಕಷ್ಟೇ.

ಕೋರ್ಸ್‌ಗೆ ಇನ್ನೂ ಎಂಟು ತಿಂಗಳು ವ್ಯಾಲಿಡಿಟಿ ಇದೆ. ಪಾಸ್‌ವರ್ಡ್ ರೂಮ್‌ಮೇಟ್‌ಗೆ ಕೊಟ್ಟಿದ್ದೇನೆ. ಪುಸ್ತಕ ಕೇಳಿದಳು, ಕೊಡಲಿಲ್ಲ.