ಅಡ್ಜಸ್ಟಬಲ್ ಸಸ್ಪೆನ್ಷನ್: ಕ್ಲಿಕ್ಕೇನೋ ಸುಖ, ಕೆಸರಿನದೇ ಗೋಳು

ಕಾರಿನ ಈ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದಾಗಿ ಬರುವ) ಸೆಟ್ಟಿನಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸುವುದು ಶಾಕ್ ತಲೆಯ ಮೇಲಿನ ಪುಟ್ಟ ನಾಬ್‌ನಿಂದ. ಬಲಕ್ಕೆ ತಿರುಗಿಸಿದರೆ ಗಟ್ಟಿ, ಎಡಕ್ಕೆ ಮೆದು. ಮೊದಲು ಟೈರ್ ತಣ್ಣಗಿರುವಾಗ ಗಾಳಿ ಸರಿಮಾಡಿ, ಇಲ್ಲವಾದರೆ ಮುಂದಿನದ್ದೆಲ್ಲ ತಪ್ಪು ಲೆಕ್ಕ. ಆಮೇಲೆ ನಾಬ್ ಅನ್ನು ಬಲಕ್ಕೆ ಕೊನೆಯವರೆಗೆ ಹಗುರವಾಗಿ ಮುಟ್ಟಿಸಿ. ಒತ್ತಿ ಬಿಗಿದರೆ ಒಳಗಿನ ಸೂಜಿ ವಾಲ್ವ್ ಕೆಡುತ್ತದೆ. ಅಲ್ಲಿಂದ ಕ್ಲಿಕ್ ಎಣಿಸುತ್ತ ಎಡಕ್ಕೆ ಬಂದು ನಡುವಿಗೆ ನಿಲ್ಲಿಸಿ. ಎಡ, ಬಲ ಎರಡೂ ಕಡೆ ಒಂದೇ ಸಂಖ್ಯೆ ಇರಲಿ.

ಪರೀಕ್ಷೆಗೆ ಗೊತ್ತಿರುವ ಒಂದು ಹಂಪ್, ಒಂದೇ ವೇಗ ಸಾಕು. ಹಂಪ್ ದಾಟಿ ಎದ್ದ ಗಾಡಿ ಒಂದೇ ಸಲಕ್ಕೆ ಕೂರಬೇಕು. ಮತ್ತೆ ಕುಣಿದರೆ ಎರಡು ಕ್ಲಿಕ್ ಗಟ್ಟಿ ಮಾಡಿ. ಆಗುಂಬೆ ಘಾಟಿಯ 14 ಹೇರ್‌ಪಿನ್‌ಗಳೆಂದು ಹೆದರಿ ಪೂರ್ತಿ ಗಟ್ಟಿ ಮಾಡುವವರೇ ಹೆಚ್ಚು. ಒಂದೇ ನಾಬ್ ಇರುವ ಶಾಕ್‌ಗಳಲ್ಲಿ ಅದು ಮುಖ್ಯವಾಗಿ ರೀಬೌಂಡನ್ನು, ಅಂದರೆ ಕುಗ್ಗಿದ ಶಾಕ್ ಮತ್ತೆ ನೀಳುವ ವೇಗವನ್ನು, ಹಿಡಿಯುತ್ತದೆ. ಅತಿಯಾದರೆ, ಒಂದು ಗುಂಡಿಗೆ ಕುಗ್ಗಿದ ಶಾಕ್ ನೀಳುವಷ್ಟರಲ್ಲಿ ಮುಂದಿನ ಗುಂಡಿ ಬಂದಿರುತ್ತದೆ. ಗಾಡಿ ಕುಗ್ಗುತ್ತ ಕುಗ್ಗುತ್ತ ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಸ್ಪ್ರಿಂಗ್ ಮೆದುವಾಯ್ತು ಅಂದುಕೊಂಡು ಇನ್ನಷ್ಟು ಬಿಗಿಯುತ್ತಾರೆ, ಬೇಕಾದದ್ದು ಅದರ ಉಲ್ಟಾ. ಹಿಂದೆ ಮೂರು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಹಿಂದಿನ ಶಾಕ್‌ಗೆ ಮಾತ್ರ ಎರಡು ಕ್ಲಿಕ್ ಸೇರಿಸಿದರಾಯ್ತು.

ಇಷ್ಟೆಲ್ಲ ಹೊಗಳಿಕೆ ಮಳೆ ಹಿಡಿಯುವವರೆಗೆ ಮಾತ್ರ. ಗಾಡಿಯ ಎತ್ತರ ಬದಲಿಸುವ ಉಂಗುರ, ಅಂದರೆ ಕಾಲರ್‌ನ ಥ್ರೆಡ್‌ಗೆ ನಮ್ಮ ಕೆಮ್ಮಣ್ಣು ಹೊಕ್ಕು ಒಣಗಿದರೆ ಅಡಿಕೆ ಚೊಗರಿನ ಕಲೆ ಇದ್ದ ಹಾಗೆ, ಬಿಡುವುದೇ ಇಲ್ಲ. ದೀಪಾವಳಿ ಹೊತ್ತಿಗೆ ಅದನ್ನು ತಿರುಗಿಸುವ ಕೊಕ್ಕೆಯಾಕಾರದ ಸಿ-ಸ್ಪ್ಯಾನರ್ ಹಾಕಿದರೆ ತಿರುಗುವುದು ಕಾಲರ್ ಅಲ್ಲ, ಸವೆಯುವುದು ಅದರ ಅಲ್ಯುಮಿನಿಯಂ ಹಲ್ಲು. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರು ಬಿಟ್ಟು, ನೈಲಾನ್ ಬ್ರಷ್‌ನಿಂದ ತಿಕ್ಕಿ, ಒಣಗಿಸಿ ಅಂಟದ ಡ್ರೈ ಲೂಬ್ ಸ್ಪ್ರೇ ಹೊಡೆಯಲೇಬೇಕು. ಗ್ರೀಸ್ ಬೇಡ, ಮರಳನ್ನು ಕರೆದು ಕೂರಿಸುತ್ತದೆ. ವಾಟರ್ ಸರ್ವಿಸ್ ಗನ್ ಅನ್ನು ಆಯಿಲ್ ಸೀಲ್‌ಗೆ ನೇರ ಹಿಡಿಯಲು ಬಿಡಬೇಡಿ.

ಗಾಡಿಯ ಎತ್ತರ ತಗ್ಗಿಸುವ ಆಸೆಯಂತೂ ಬೇಡ. ತೋಟದ ದಾರಿಯ ನಡುದಿಬ್ಬಕ್ಕೆ ತಳ ಒರೆಯುತ್ತದೆ. ಕಂಪನಿ ಎತ್ತರಕ್ಕೇ ಬಿಟ್ಟರೆ ಒಳ್ಳೆಯದು. ಬದಲಿಸಿದರೆ ವೀಲ್ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು.

ಶಿವಮೊಗ್ಗ ಪೇಟೆಯೊಳಗೇ ಓಡಾಡುವವರಿಗೆ ಇದು ದಂಡ. ಹೊಸ ಬುಷ್, ಕಂಪನಿ ಶಾಕ್ ಹಾಕಿಸಿದರೆ ಅರ್ಧ ಸುಖ ಅಲ್ಲೇ ಸಿಗುತ್ತದೆ. ವಾರವಾರ ಘಾಟಿ ಇಳಿಯುವವರು ತಗೊಳ್ಳಬಹುದು. ಆದರೆ ಸೀಲ್ ಕಿಟ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳದೆ ಅಡ್ವಾನ್ಸ್ ಕೊಡಬೇಡಿ.